ಆಯುಧಪೂಜೆಯ ದಿನ ಎದ್ದ ಹಸಿರು ಗೆರೆ

ದೆವ್ವ, ಶಕುನ, ಪವಾಡ ಇವನ್ನೆಲ್ಲ ನಾನು ನಂಬಿದವನಲ್ಲ. ಧೈರ್ಯವಂತನೆಂದಲ್ಲ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ಮರಳಿ ಬಂದು ನೋಡುವವರ ಪೈಕಿ ನಾನು. ಇರುವ ಭಯಗಳಿಗೇ ಹೊತ್ತು ಸಾಲದಾಗ ಇಲ್ಲದವಕ್ಕೆ ಎಲ್ಲಿಂದ ತರಲಿ? ಆದರೆ ಎಂಬತ್ತರ ದಶಕದಲ್ಲಿ, ಪೀಣ್ಯದಲ್ಲಿ, ಹಾಡಹಗಲಲ್ಲಿ ಕಂಡದ್ದೊಂದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಇಂದಿಗೂ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಾನಾಗ ವೈರ್‌ಲೆಸ್ ಸೆಟ್ಟುಗಳ ಬಿಡಿಭಾಗ ತಯಾರಿಸುವ ಚಿಕ್ಕ ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿದ್ದೆ. ಸಿಗ್ನಲ್ ಅಳೆಯುವ ಯಂತ್ರಕ್ಕೆ ಹೊಸದಾಗಿ ಕಂಪ್ಯೂಟರ್ ಜೋಡಿಸಿದ್ದರು. ಅಳೆದದ್ದನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಪ್ರೋಗ್ರಾಂ ಬರೆದವನು ನಾನೇ. ಅದರಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ರೆಫರೆನ್ಸ್ ಲೆವೆಲ್. ಅಂದರೆ ಪರದೆಯ ತುತ್ತತುದಿ ಎಷ್ಟು ದೊಡ್ಡ ಸಿಗ್ನಲ್ಲಿಗೆ ಸಮ ಎಂಬುದು. ತೀರ ಕೆಳಗಿಟ್ಟರೆ ದೊಡ್ಡ ಸಿಗ್ನಲ್ಲಿನ ತಲೆ ಪರದೆಯಾಚೆ ಹೋಗುತ್ತದೆ. ತೀರ ಮೇಲಿಟ್ಟರೆ ಚಿಕ್ಕವು ತಳದ ಗದ್ದಲದಲ್ಲಿ ಹೂತುಹೋಗುತ್ತವೆ. ಆ ಗದ್ದಲ ಗಾಳಿಗೆ ಅಲುಗುವ ಹುಲ್ಲಿನಂತೆ ಕಾಣುವುದರಿಂದ ನಾವು ಅದನ್ನು ಹುಲ್ಲೆಂದೇ ಕರೆಯುತ್ತಿದ್ದೆವು. ನಾನು ಯಾವಾಗಲೂ ಲೆವೆಲ್ ಮೇಲೆಯೇ ಇಡುತ್ತಿದ್ದೆ. ಏನಾದರೂ ದೊಡ್ಡದು ನುಗ್ಗಿ ಯಂತ್ರ ಸುಟ್ಟುಹೋದರೆ?

"ಮನೆ ಒಳ್ಗೂ ಕೊಡೆ ಇಡ್ಕೊಂಡ್ ಓಡಾಡ್ದಂಗೆ ಸಾರ್ ನೀವು," ಎಂದು ಕೆಂಪಣ್ಣ ಕಿಚಾಯಿಸುತ್ತಿದ್ದ. ಅವನು ನನ್ನ ಕೈಕೆಳಗಿನ ಟೆಕ್ನಿಷಿಯನ್. ಬಾಗಲಗುಂಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರೂ ಹೌದು. ಹಾಗಾಗಿ ನಾನು ತಿರುಗಿ ಏನೂ ಅನ್ನುತ್ತಿರಲಿಲ್ಲ.

ಆ ವರ್ಷ ನನ್ನ ನಿಜವಾದ ಚಿಂತೆ ಬೇರೆಯಿತ್ತು. ಮಗಳು ಸುಮಾಗೆ ನಾಲ್ಕು ತುಂಬುತ್ತ ಬಂದಿದ್ದರೂ ಒಂದು ಮಾತೂ ಆಡಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯಿರಿ ಎಂದಿದ್ದರು ಡಾಕ್ಟರು. ಕರೆದರೆ ತಿರುಗುತ್ತಿದ್ದಳು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಒಬ್ಬಳೇ ಕೂತಾಗ ದನಿಯಿಲ್ಲದೆ ತುಟಿ ಮಾತ್ರ ಆಡಿಸುತ್ತಿದ್ದಳು. ನನ್ನ ಹೆಂಡತಿ ಶಾರದೆ ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಕಾಯುತ್ತಿದ್ದಳು. ಅದನ್ನು ನೋಡಲಾರದೆ ನಾನು ಕೆಲಸಕ್ಕೆ ಬೇಗ ಹೊರಟುಬಿಡುತ್ತಿದ್ದೆ.

ಆಯುಧಪೂಜೆಗೆ ಮನೆಯವರನ್ನೆಲ್ಲ ಕಾರ್ಖಾನೆಗೆ ಕರೆತರುವುದು ರೂಢಿ. ಲೇತುಗಳಿಗೆ ಬಾಳೆಕಂದು, ಚೆಂಡುಹೂವು. ನನ್ನ ಕಂಪ್ಯೂಟರಿನ ನೆತ್ತಿಗೂ ವಿಭೂತಿ, ಕುಂಕುಮ. ಗೇಟಿನಲ್ಲಿ ಬೂದುಗುಂಬಳ ಒಡೆದ ಮೇಲೆ ಮಷಿನ್ನುಗಳನ್ನೆಲ್ಲ ಆರಿಸಿರಬೇಕು, ರಜೆ ಮುಗಿಯುವವರೆಗೆ ಮುಟ್ಟುವಂತಿಲ್ಲ. ನನ್ನ ಯಂತ್ರವೊಂದು ಮಾತ್ರ ಆನ್ ಆಗಿಯೇ ಇತ್ತು. ಒಮ್ಮೆ ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ ಎಂದು ಹೆದರಿ ನಾನೇ ಬಿಟ್ಟಿದ್ದೆ.

ಹೊರಗೆ ಕಡಲೆಪುರಿ ಹಂಚುತ್ತಿದ್ದರು. ನಾವು ಮೂವರೇ ಪರೀಕ್ಷಾ ಕೋಣೆಗೆ ಬಂದೆವು. ಪರದೆ ಕಂಡದ್ದೇ ಸುಮಾ ನನ್ನ ತೊಡೆಯೇರಿ ಕೀಲಿಗಳಿಗೆ ಕೈಯಿಟ್ಟಳು.

"ಪೂಜೆ ಆದ್ಮೇಲೆ ಮುಟ್ಬಾರ್ದು ಕಣ್ರೀ," ಎಂದಳು ಶಾರದೆ.

"ನಾನೆಲ್ಲಿ ಮುಟ್ತಿದೀನಿ, ಇವಳು ತಾನೇ," ಎಂದೆ.

ನನ್ನ ಪ್ರೋಗ್ರಾಂನಲ್ಲಿ ಒಂದು ಕೀಲಿ ಲೆವೆಲ್ ಇಳಿಸುತ್ತಿತ್ತು, ಪಕ್ಕದ್ದು ಏರಿಸುತ್ತಿತ್ತು. ಸುಮಾ ಇಳಿಸುವ ಕೀಲಿಯನ್ನೇ ಒತ್ತುತ್ತ ಹೋದಳು. ತಡೆಯಲು ಕೈ ಎತ್ತಿದೆ. ಆದರೆ ಯಂತ್ರಕ್ಕೆ ಯಾವ ತಂತಿಯೂ ಸೇರಿಸಿರಲಿಲ್ಲ, ಸಿಗ್ನಲ್ ಒಳಹೋಗುವ ಬಾಯಿಗೆ ಮುಚ್ಚಳ ಹಾಕಿತ್ತು, ಹಾಗಾಗಿ ಕೈ ಹಿಂದಕ್ಕೆಳೆದುಕೊಂಡೆ. ನಾನು ಎಂದೂ ಇಳಿಸದಷ್ಟು ಕೆಳಗೆ ಲೆವೆಲ್ ಇಳಿದಾಗ, ಹುಲ್ಲಿನ ನಡುವಿನಿಂದ ಸಣ್ಣ ಗೆರೆಯೊಂದು ಎದ್ದಿತು. ಬಿತ್ತು. ಮತ್ತೆ ಎದ್ದಿತು.

ಮುಚ್ಚಳ ಬಿಗಿ ಮಾಡಿದೆ. ಗೆರೆ ಹೋಗಲಿಲ್ಲ. ಅಕ್ಕಪಕ್ಕದ ಮೋಟಾರುಗಳ ಕಾಟವೆನ್ನೋಣವೆಂದರೆ ಅಂದು ಇಡೀ ಪೀಣ್ಯದ ಕಾರ್ಖಾನೆಗಳ ಮೋಟಾರುಗಳು ಹೂ ಮುಡಿದು ನಿಂತಿದ್ದವು. ಅಷ್ಟರಲ್ಲಿ ಪರದೆಯ ಗಾಜಿನಲ್ಲಿ ಮಗುವಿನ ಮುಖ ಕಂಡಿತು. ತುಟಿ ಆಡುತ್ತಿತ್ತು. ತುಟಿ ತೆರೆದಾಗ ಗೆರೆ ಏಳುತ್ತಿತ್ತು, ಕೂಡಿದಾಗ ಮಲಗುತ್ತಿತ್ತು. ಆ ಯಂತ್ರಕ್ಕೆ ಮೈಕ್ ಇಲ್ಲ. ಇದ್ದರೂ ಅವಳಿಂದ ದನಿಯೇ ಬರುತ್ತಿರಲಿಲ್ಲವಲ್ಲ. ಶಾರದೆಯೂ ನೋಡಿದಳು. ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೆದರಿಕೆಯಾದಾಗ ನಾನು ಮಾಡುವುದು ಒಂದೇ. ಲೆವೆಲ್ ಏರಿಸಿದೆ. ಗೆರೆ ಹುಲ್ಲಿನೊಳಕ್ಕೆ ಕುಗ್ಗಿತು. ಇನ್ನೊಮ್ಮೆ ಒತ್ತಲು ಹೋದಾಗ ಪುಟ್ಟ ಕೈಯೊಂದು ನನ್ನ ಬೆರಳನ್ನು ಹಿಡಿದು ನಿಲ್ಲಿಸಿತು.

"ಬೇಡ," ಎಂದಳು ಸುಮಾ.

ನೆಗಡಿಯಾದವರಂತೆ ಒಡಕು ದನಿ. ಶಾರದೆ ನೆಲಕ್ಕೆ ಮಂಡಿಯೂರಿ, "ಏನಂದೆ ಪುಟ್ಟೀ? ಇನ್ನೊಂದ್ಸಲ ಅನ್ನಮ್ಮ," ಎಂದಳು. ಸುಮಾ ನಮ್ಮಿಬ್ಬರನ್ನೂ ದಡ್ಡರನ್ನು ನೋಡುವಂತೆ ನೋಡಿ, "ಬೇಡ ಅಪ್ಪ," ಎಂದಳು. ಕೋಣೆಯಲ್ಲಿ ಅತ್ತವರು ಯಾರ್ಯಾರೆಂದು ಹೇಳಲಾರೆ.

ಮಾತು ಬರುವ ಕಾಲಕ್ಕೆ ಬಂತು ಎಂದರು ಡಾಕ್ಟರು. ಅದನ್ನು ಒಪ್ಪುತ್ತೇನೆ. ಗೆರೆಯ ವಿಷಯ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನನ್ನೇ ಪರೀಕ್ಷಿಸಲು ಕೂರಿಸುತ್ತಿದ್ದರು. ಶಾರದೆ ಮಾತ್ರ, "ಅವಳು ಮೊದ್ಲಿಂದ್ಲೂ ಮಾತಾಡ್ತಾನೇ ಇದ್ಲು ಕಣ್ರೀ," ಎನ್ನುತ್ತಾಳೆ. ನಾನು ಹೌದೆಂದೂ ಅಂದಿಲ್ಲ, ಅಲ್ಲವೆಂದೂ ಅಂದಿಲ್ಲ. ಸುಮಾಗೆ ಏನೂ ನೆನಪಿಲ್ಲ.

ರಜೆ ಮುಗಿದ ಮೇಲೆ ಅದೇ ಮುಚ್ಚಳ ಹಾಕಿ, ಅದೇ ಲೆವೆಲ್ಲಿಗೆ ಇಳಿಸಿ, ಪರದೆಯ ಮುಂದೆ ಕೂತು ದನಿಯಿಲ್ಲದೆ ತುಟಿಯಾಡಿಸಿದೆ. ಮಗಳ ಹೆಸರು ಹೇಳಿದೆ, ಮಗ್ಗಿ ಹೇಳಿದೆ, ಕೊನೆಗೆ ಬೈದೂ ನೋಡಿದೆ. ಹುಲ್ಲು ಅಲುಗುತ್ತಿತ್ತು, ಅಷ್ಟೆ. ಬಾಗಿಲಲ್ಲಿ ಕೆಂಪಣ್ಣ ಯಾವಾಗ ಬಂದು ನಿಂತಿದ್ದನೋ.

"ಯಾಕ್ ಸಾರ್, ಮಂತ್ರ ಇನ್ನೂ ಮುಗ್ದಿಲ್ವಾ?" ಎಂದ.

ಲೆವೆಲ್ ಏರಿಸಲು ಕೈ ಚಾಚಿದೆ. ಯಾಕೋ ಒತ್ತಲಿಲ್ಲ. ಸಂಜೆಯವರೆಗೂ ಅದನ್ನು ಹಾಗೇ ಬಿಟ್ಟಿದ್ದೆ. ಏನೂ ಬರಲಿಲ್ಲ.