ಮರಿಬಸಪ್ಪನ ಹೆಸರಿಗೆ ಎರಡು ಚೀಟಿ

ಸಿರುಗುಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದ ಗಾದಿಲಿಂಗಪ್ಪನಿಗೆ ಇದ್ದದ್ದು ಒಂದೇ ಕಾಯಿಲೆ: ಯಾರಿಗೂ ಇಲ್ಲ ಅನ್ನಲಾರ. ಮನೆಯಲ್ಲಿ ತಾಯಿ ರೊಟ್ಟಿ ಬಡಿದಿಟ್ಟರೆ ಹೆಂಡತಿ ಎರ್ರಮ್ಮ ಅನ್ನ ಮಾಡಿಟ್ಟಿರುತ್ತಿದ್ದಳು. ಇಬ್ಬರಲ್ಲಿ ಯಾರೂ ಮುನಿಸಿಕೊಳ್ಳಬಾರದೆಂದು ಎರಡು ಊಟ ಉಂಡು, ಹೊಟ್ಟೆ ಸವರಿಕೊಳ್ಳುತ್ತ ಡ್ಯೂಟಿಗೆ ಬರುತ್ತಿದ್ದ. ಮೋಕ ಎಂಬ ಹಳ್ಳಿಯಿಂದ ಸಣಕಲನಾಗಿ ಬಂದವನು ಕುರ್ಚಿ ತುಂಬ ಕೂರುವಂತಾದದ್ದು ಹೀಗೆ.

ಎಪ್ಪತ್ತರ ದಶಕದ ಮಾತು. ಸಿರುಗುಪ್ಪಕ್ಕೆ ಇನ್ನೂ ಡಯಲ್ ಬಂದಿರಲಿಲ್ಲ. ಫೋನೆತ್ತಿದರೆ ಗಾದಿಲಿಂಗಪ್ಪ, ಅವನು ಬೋರ್ಡಿನ ತೂತಿಗೆ ವೈರು ಚುಚ್ಚಿದರೆ ಮಾತು. ನಂಬರ್ ಹೇಳುವ ಅಭ್ಯಾಸ ಊರಲ್ಲಿ ಯಾರಿಗೂ ಇರಲಿಲ್ಲ. ಡಾಕ್ಟರನ್ನ ಕೊಡಪ್ಪ ಅನ್ನುವರು. ಡಾಕ್ಟರು ದವಾಖಾನೆಯಲ್ಲಿದ್ದಾರೋ ಕ್ಲಬ್ಬಿನಲ್ಲಿದ್ದಾರೋ ಇವನೇ ತಿಳಿದಿರಬೇಕು. ಅದಕ್ಕೆಂದೇ ಬೋರ್ಡಿನಲ್ಲಿ ಒಬ್ಬೊಬ್ಬರ ಹೆಸರಿನ ಪಕ್ಕ ಚೀಟಿ ಅಂಟಿಸಿಕೊಂಡಿದ್ದ: ಇಂಥವರ ಕರೆ ಇಂಥ ಹೊತ್ತಿಗೆ ಇಂಥ ಕಡೆ. ಯಾರು ಬಂದು ಏನು ಬರೆಸಿದರೂ ಅಂಟಿಸುತ್ತಿದ್ದ.

ಫಜೀತಿ ಶುರುವಾದದ್ದು ಮರಿಬಸಪ್ಪನ ಹೆಸರಿನ ಪಕ್ಕ. ಈತ ಅಕ್ಕಿ ಗಿರಣಿಯ ಸಾವುಕಾರ. ಗಿರಣಿಗೊಂದು, ಮನೆಗೊಂದು ಫೋನಿಟ್ಟವನು. ಮಗಳು ಕೊಟ್ರಬಸಮ್ಮ ಬಳ್ಳಾರಿಯ ಪಾರ್ವತಿನಗರದ ಹಾಸ್ಟೆಲಿನಲ್ಲಿದ್ದು ಟೀಚರ್ ಟ್ರೇನಿಂಗ್ ಓದುತ್ತಿದ್ದಳು. ಕುರುಗೋಡಿನ ಕಾಡಸಿದ್ದಪ್ಪನ ಮಗ ಬಂದು ನೋಡಿ ಒಪ್ಪಿ ಹೋಗಿದ್ದ. ಮದುವೆ ಯಾವಾಗ ಎಂಬುದೊಂದೇ ಬಾಕಿ. ಓದು ಬಿಡಿಸಿಯಾದರೂ ಯುಗಾದಿಯೊಳಗೆ ಮುಗಿಸಬೇಕು ಎಂದು ಅಪ್ಪ. ಒಮ್ಮೆ ಬಿಟ್ಟ ಓದು ಮತ್ತೆ ಕೈಗೆ ಬರುವುದಿಲ್ಲ, ಪರೀಕ್ಷೆ ಆಗಲಿ ಎಂದು ಅವ್ವ ಚನ್ನವೀರಮ್ಮ.

ಒಂದು ಬೆಳಿಗ್ಗೆ ಗಂಡ ಎಕ್ಸ್‌ಚೇಂಜಿಗೆ ಬಂದು, ಕುರುಗೋಡಿನ ಕರೆ ಗಿರಣಿಗೇ ಕೊಡಬೇಕೆಂದು ಬರೆಸಿ ಹೋದ. ಸಂಜೆ ಹೆಂಡತಿ ಬಂದು, ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಪೊಟ್ಟಣ ಮುಂದಿಟ್ಟು, ಮನೆಗೇ ಕೊಡಬೇಕೆಂದು ಬರೆಸಿದಳು. ಹಳೆಯದನ್ನು ಕೀಳಲು ಗಾದಿಲಿಂಗಪ್ಪನಿಗೆ ಧೈರ್ಯವಿಲ್ಲ, ಹೊಸದನ್ನು ಬೇಡವೆನ್ನಲು ಬಾಯಿಲ್ಲ. ಮಿರ್ಚಿ ಬೇರೆ ಬಿಸಿಯಾಗಿತ್ತು. ಎರಡನ್ನೂ ಅಂಟಿಸಿ, ಒಂದು ಕರೆ ಗಿರಣಿಗೆ, ಮುಂದಿನದು ಮನೆಗೆ ಎಂದು ಪಾಳಿ ಹಚ್ಚಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಅತ್ತ ಕುರುಗೋಡಿನಲ್ಲಿ ಕಾಡಸಿದ್ದಪ್ಪನ ತಲೆ ಕೆಟ್ಟು ಹೋಯಿತು. ಒಂದು ದಿನ ಫೋನು ಮಾಡಿದರೆ ಈ ತಿಂಗಳೇ ಮದುವೆ ಅನ್ನುತ್ತಾರೆ. ಮರುದಿನ ಮಾಡಿದರೆ ಅದೇ ಮನೆಯವರು ಏನವಸರ ಅನ್ನುತ್ತಾರೆ. ಛತ್ರ ಹಿಡಿದ, ಬಿಟ್ಟ, ಮತ್ತೆ ಹಿಡಿದ. ಬ್ಯಾಂಡಿನವರು ಅವನನ್ನು ಕಂಡರೆ ಸಂದಿ ಹೊಕ್ಕು ಹೋಗತೊಡಗಿದರು. ಕೊನೆಗೊಂದು ಮಧ್ಯಾಹ್ನ ಅವನ ಸಿಟ್ಟೆಲ್ಲ ಗಾದಿಲಿಂಗಪ್ಪನ ಕಿವಿಗೆ ಬಿತ್ತು.

“ಮರಿಬಸಪ್ಪನ್ನ ಕೊಡಪಾ. ಇವತ್ತು ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ಎರಡು ನಾಲಿಗಿ ಮಂದಿ ಬೀಗತನ ನಮಗ ಬ್ಯಾಡ. ಬ್ಯಾರೆ ಕಡೆ ಹೆಣ್ಣು ನೋಡ್ತೀವಿ.”

ಗಾದಿಲಿಂಗಪ್ಪನ ಕೈಯಲ್ಲಿ ವೈರು ಹಾಗೇ ನಿಂತಿತು. ಪಾಳಿಯ ಪ್ರಕಾರ ಈ ಸಲ ಗಿರಣಿ. ಗಿರಣಿಗೆ ಕೊಟ್ಟರೆ ಹುಡುಗಿಯ ಓದು ಹೋಯಿತು. ಮನೆಗೆ ಕೊಟ್ಟರೆ, ಕಾಡಸಿದ್ದಪ್ಪನ ಈ ಸಿಟ್ಟಿನಲ್ಲಿ, ಸಂಬಂಧವೇ ಹೋಯಿತು. ಹೋದ ವಾರ ಆ ಹುಡುಗಿ ಹಾಸ್ಟೆಲಿನಿಂದ ಫೋನು ಮಾಡಿದ್ದಳು. ಗಿರಣಿಯಲ್ಲಿ ಅಪ್ಪ ತನ್ನದು ಹೇಳಿ ಇಟ್ಟ, ಮನೆಯಲ್ಲಿ ಅವ್ವ ತನ್ನದು ಹೇಳಿ ಇಟ್ಟಳು. ನಿನಗೇನು ಬೇಕೆಂದು ಇಬ್ಬರೂ ಕೇಳಲಿಲ್ಲ. ಗಾದಿಲಿಂಗಪ್ಪ ಅದನ್ನು ಕೇಳಿಸಿಕೊಂಡಿದ್ದ, ಕೇಳಿಸಿಕೊಳ್ಳಬಾರದಿತ್ತು, ಕೇಳಿಸಿಕೊಂಡಿದ್ದ. ಆಗ ಆದ ಸಂಕಟ ಈಗ ಮತ್ತೆ ಎದೆಗೆ ಬಂತು.

ಕುರುಗೋಡಿನ ಕರೆ ಬರುತ್ತಿದ್ದದ್ದೇ ಬಳ್ಳಾರಿಯ ಮೇಲೆ. ಅಲ್ಲಿನ ಆಪರೇಟರ್ ಜಡೆಪ್ಪ ಲೈನಿನಲ್ಲೇ ಇದ್ದ.

“ಜಡೆಪ್ಪ, ಇದನ್ನ ಪಾರ್ವತಿನಗರದ ಹುಡುಗ್ಯಾರ ಹಾಸ್ಟೆಲಿಗೆ ಕೊಡು. ಕೊಟ್ರಬಸಮ್ಮನ್ನ ಕರಿಸಾಕ ಹೇಳು. ನನ್ನ ಲೈನೂ ಬಿಡಬ್ಯಾಡ.”

ಹಾಗಂತ ಯಾರು ಬರೆಸಿದ್ದಾರೆ ಎಂದು ಜಡೆಪ್ಪ ಕೇಳಿದ.

“ಯಾರೂ ಬರೆಸಿಲ್ಲ. ಕೊಡು.”

ವಾರ್ಡನಮ್ಮ ಹುಡುಗಿಯನ್ನು ಕರೆತರುವ ತನಕ ಕಾಡಸಿದ್ದಪ್ಪ ಛತ್ರದವನಿಂದ ಹಿಡಿದು ಬ್ಯಾಂಡಿನವನ ತನಕ ಎಲ್ಲರ ವಂಶವನ್ನೂ ಎತ್ತಿ ಆಡಿದ. ಆಮೇಲೆ ಆ ಕಡೆಯಿಂದ ಏದುಸಿರಿನ ದನಿ ಬಂತು.

“ಮಾವಾರ, ನಾನು ಕೊಟ್ರಬಸಮ್ಮ.”

ಮದುವೆಗೆ ಮುಂಚೆಯೇ ಮಾವ ಎಂದು ಕರೆಸಿಕೊಂಡ ಕಾಡಸಿದ್ದಪ್ಪನ ಸಿಟ್ಟು ಅಲ್ಲಿಗೆ ಇಳಿಯಿತು.

“ಹುಡುಗ ನನಗ ಒಪ್ಪಿಗಿ ಅದಾರ್ರಿ. ಪರೀಕ್ಷಿ ಮುಗಿಸಿ ಬರ್ತೀನಿ. ಅಲ್ಲಿತನಕ ಕಾಯ್ರಿ.”

ಕಾಡಸಿದ್ದಪ್ಪ ಕೆಮ್ಮಿದ. ಕಾಯುತ್ತೇವೆ ತಾಯಿ ಅಂದ. ಇಷ್ಟನ್ನು ಯಾರಾದರೊಬ್ಬರು ಮೊದಲೇ ಹೇಳಿದ್ದರೆ ಊರ ಮುಂದೆ ನಗೆಪಾಟಲಾಗುವುದು ತಪ್ಪುತ್ತಿತ್ತು ಅಂತಲೂ ಅಂದ. ಚೆನ್ನಾಗಿ ಓದಿಕೋ ಎಂದು ಫೋನಿಟ್ಟ.

ಸುದ್ದಿ ತಿಳಿಯಲು ಹೊತ್ತಾಗಲಿಲ್ಲ. ಸಂಜೆಯೊಳಗೆ ಗಿರಣಿಯಿಂದ ಗಂಡ, ಮನೆಯಿಂದ ಹೆಂಡತಿ ಎಕ್ಸ್‌ಚೇಂಜಿಗೆ ಬಂದು ನಿಂತರು. ಹೆಂಡತಿಯ ಮಾತೇ ನಡೆಯಿತೆಂದು ಗಂಡನಿಗೆ ಉರಿ; ತನ್ನ ಚೀಟಿ ನಡೆಯಲಿಲ್ಲವೆಂದು ಹೆಂಡತಿಗೆ ಉರಿ. ಯಾರ ಮಾತು ಕೇಳಿ ಹೀಗೆ ಮಾಡಿದೆ ಎಂದು ಕೇಳಿದರು.

“ಯಾರದೂ ಇಲ್ರಿ,” ಅಂದ ಗಾದಿಲಿಂಗಪ್ಪ. ಇಲ್ಲ ಎಂಬ ಮಾತು ಅವನ ಬಾಯಿಂದ ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಸೋಜಿಗ.

ಆಗ ಇಬ್ಬರೂ ಸೇರಿ ಬೈದರು. ನಮ್ಮ ಮಗಳನ್ನು ಕೇಳಲು ನೀನ್ಯಾರು ಎಂದು ಗಂಡ ಶುರು ಮಾಡಿದರೆ ಹೆಂಡತಿ ಅದನ್ನೇ ಮುಗಿಸಿದಳು. ಮದುವೆಯಾದಂದಿನಿಂದ ಅವರಿಬ್ಬರು ಒಂದೇ ಮಾತು ಆಡಿದ್ದು ಅದೇ ಮೊದಲಿರಬೇಕು. ಬೈದು ಬೈದು ಸುಸ್ತಾದ ಮೇಲೆ ಚನ್ನವೀರಮ್ಮ ದನಿ ತಗ್ಗಿಸಿದಳು.

“ಏನಂದ್ಲು ಆಕಿ?”

ಗಾದಿಲಿಂಗಪ್ಪನಿಗೆ ಅಕ್ಷರ ಅಕ್ಷರ ನೆನಪಿತ್ತು. ಆದರೂ ಹೇಳಲಿಲ್ಲ. ಬಳ್ಳಾರಿಗೆ ವೈರು ಚುಚ್ಚಿ, ಹಾಸ್ಟೆಲನ್ನು ಹಿಡಿದು, ರಿಸೀವರನ್ನು ಮುಂದೆ ಚಾಚಿದ.

“ನೀವ ಕೇಳ್ರಿ.”

ಇದ್ದದ್ದು ಒಂದೇ ರಿಸೀವರ್. ಮರಿಬಸಪ್ಪ ಇಸಿದುಕೊಂಡ, ಚನ್ನವೀರಮ್ಮ ಆ ಬದಿಯಿಂದ ಕಿವಿ ಹಚ್ಚಿದಳು. ಮಗಳು ಹಲೋ ಅಂದಳು. ಈ ಸಲ ತಮ್ಮದು ಹೇಳದೆ, ಇಬ್ಬರೂ ಅವಳದನ್ನು ಕೇಳುತ್ತ ನಿಂತರು.