ಆರು ಸೆಕೆಂಡಿನ ಮೂವತ್ತು

ಗೋದಾಮಿನಲ್ಲಿ ನನ್ನ ಕೆಲಸ ಲಾರಿಯಿಂದ ಇಳಿಯುವ ಮೂಟೆ ಎಣಿಸುವುದು. ಹಮಾಲರು ಹೊತ್ತು ಓಡುತ್ತಿದ್ದರೆ ನನ್ನ ಬಾಯಿ ಅವರಿಗಿಂತ ಮುಂದೆ ಓಡಬೇಕು. ಇಪ್ಪತ್ತು ವರ್ಷದಲ್ಲಿ ಒಂದು ಮೂಟೆಯೂ ತಪ್ಪಿಲ್ಲ. ಅದರ ಕೊಬ್ಬು ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಮಗಳಿಗೆ ಏಳು ವರ್ಷ. ಸೆರೆಬ್ರಲ್ ಪಾಲ್ಸಿ. ಕಾಲಿನ ಸ್ನಾಯುಗಳು ಸದಾ ಬಿಗಿದುಕೊಂಡು ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ‘ದಿನಾ ಎರಡು ಹೊತ್ತು ಪಾದಾನ ಮೆಲ್ಲಗೆ ಮೇಲಕ್ಕೆ ಒತ್ತಿ, ಮೂವತ್ತು ಎಣಿಸೋವರೆಗೂ ಹಾಗೇ ಹಿಡ್ಕೊಳ್ಳಿ. ಹಿಮ್ಮಡಿ ಇಳಿದ್ರೆ ಕಾಲಿಗೆ ಆಸರೆ ಕೊಡೋ ಸ್ಪ್ಲಿಂಟ್ ಹಾಕಿ ಮಗೂನ ನಿಲ್ಲಿಸ್ಬಹುದು. ಇಲ್ದಿದ್ರೆ ಆಪರೇಷನ್ನೇ’ ಎಂದಿದ್ದರು ಫಿಸಿಯೋ ಮೇಡಂ.

ಮೊದಲ ವಾರ ಹೆಂಡತಿ ಮಾಡಿದಳು. ಮಗಳು ರಂಪ ಮಾಡಿ ‘ಅಪ್ಪನೇ ಮಾಡ್ಲಿ’ ಎಂದಳು. ನನ್ನ ಕೈಯಲ್ಲಿ ಕಮಕ್ ಕಿಮಕ್ ಅನ್ನಲಿಲ್ಲ. ‘ನೋಡಿದ್ಯಾ, ಕೈಗುಣ ಅಂದ್ರೆ ಇದು’ ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದೆ. ಆರು ತಿಂಗಳು ತಿರುವಿದೆ. ಹಿಮ್ಮಡಿ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಮೇಡಂ ‘ನನ್ನೆದುರಿಗೆ ಒಂದ್ಸಲ ಮಾಡಿ’ ಎಂದರು. ಮಾಡಿದೆ. ಅವರು ಗೋಡೆ ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು.

‘ಸ್ವಾಮೀ, ಮೂವತ್ತು ಎಣಿಸೋಕೆ ನಿಮಗೆ ಆರೇ ಸೆಕೆಂಡಾ? ರೈಲೇನಾದ್ರೂ ಹಿಡೀಬೇಕಿತ್ತಾ? ಬಿಗಿದ ಸ್ನಾಯುನ ಗಡಿಬಿಡೀಲಿ ಎಳೆದ್ರೆ ಅದು ಇನ್ನೂ ಬಿಗಿಯುತ್ತೆ!’

ಪಕ್ಕದ ಮಗುವಿನ ತಾಯಿ ಕಿಸಕ್ಕೆಂದರು. ಮಗಳು ಛಾವಣಿ ನೋಡುತ್ತಾ ಮಲಗಿದ್ದಳು.

‘ನಿಂಗೆ ಗೊತ್ತಿತ್ತೇನೇ?’ ಎಂದೆ.

‘ಹೂಂ. ಅಮ್ಮ ತುಂಬಾ ಹೊತ್ತು ಹಿಡ್ಕೋತಾಳೆ. ನೀನು ಬೇಗ ಬಿಡ್ತೀಯ.’

ನನ್ನ ಕೈಗುಣ ಅಲ್ಲಿಗೆ ಮಣ್ಣುಪಾಲಾಯಿತು.

ಅಂದಿನಿಂದ ಗಡಿಯಾರ ಎದುರಿಗಿಟ್ಟುಕೊಂಡು ಕೂತೆ. ಸೆಕೆಂಡು ಮುಳ್ಳಿನ ಹಿಂದೆ ಹಿಂದೆಯೇ ಎಣಿಸುವುದು ಎಂಥ ಹಿಂಸೆ ಅಂತೀರಿ! ಹತ್ತಕ್ಕೇ ನಾಲಿಗೆ ತುರಿಸುತ್ತಿತ್ತು. ‘ಮೂಟೆ ಅಲ್ಲ ರೀ, ಮಗು’ ಎಂದು ಹೆಂಡತಿ ಒಳಗಿನಿಂದಲೇ ಚುಚ್ಚುತ್ತಿದ್ದಳು. ಮಗಳು ‘ಸಾಕಪ್ಪಾ, ಬಿಡು’ ಎಂದು ಗೋಗರೆಯುತ್ತಿದ್ದಳು. ಆದರೆ ಇಪ್ಪತ್ತು ದಾಟುತ್ತಿದ್ದಂತೆ ನನ್ನ ಅಂಗೈಯಲ್ಲಿ ಆ ಪಾದ ಒಂಚೂರು ಸಡಿಲವಾಗುತ್ತಿತ್ತು. ಮೊದಲ ಸಲ ಅದು ತಿಳಿದಾಗ ನನಗೆ ಅಳು ಬಂತು. ಆರು ತಿಂಗಳಲ್ಲಿ ಒಮ್ಮೆಯೂ ನಾನು ಅಲ್ಲಿಯವರೆಗೆ ಕಾದಿರಲಿಲ್ಲ.

ಮೂರು ತಿಂಗಳ ಮೇಲೆ ಮೇಡಂ ಅಳತೆ ನೋಡಿದರು. ಬಲ ಹಿಮ್ಮಡಿ ನೆಲ ಮುಟ್ಟಿತು. ಎಡದ್ದು ಮುಟ್ಟಲಿಲ್ಲ. ಅದಕ್ಕೆ ಆಪರೇಷನ್ ತಪ್ಪೋದಿಲ್ಲ ಎಂದರು. ಹೊರಗೆ ಬೆಂಚಿನ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ತಮಾಷೆ ಮಾಡಲು ನೋಡಿದೆ, ಆಗದೆ ಅವಳ ಎಡ ಪಾದ ಹಿಡಿದುಕೊಂಡೆ.

‘ತಪ್ಪು ನಂದು ಕಣೇ ಕಂದಾ.’

ಅವಳು ಸ್ವಲ್ಪ ಯೋಚಿಸಿದಳು. ‘ನಾನೂ ಹೇಳಿರ್ಲಿಲ್ವಲ್ಲಪ್ಪಾ. ಅರ್ಧ ನಂದು.’

‘ಇಲ್ಲಮ್ಮಾ, ಪೂರ್ತಿ ನಂದೇ’ ಎಂದೆ.

ಅವಳು ಒಪ್ಪಲಿಲ್ಲ.