ಬಿಸಿಲಿಗೆ ಬಾಗಿಲು ಹಾಕಿದ ಅಕ್ಕ

ಕಾಲೇಜಿನ ಸಭಾಂಗಣದ ಕಪ್ಪು ಪರದೆಗಳನ್ನು ಅಂದು ಎಷ್ಟೋ ವರ್ಷಗಳ ಮೇಲೆ ಎಳೆದಿದ್ದರು. ಹಳೆಯ ದಪ್ಪ ಬಟ್ಟೆ, ಧೂಳು, ಒಳಗೇ ಉಳಿದ ಸೆಕೆ… ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಐನಾಪುರದಲ್ಲಿ ನಮ್ಮ ಮಗ್ಗುಲ ಮನೆಯ ಕತ್ತಲ ಕೋಣೆಯಲ್ಲಿದ್ದೆ.

ನಾನು ಜೀವಶಾಸ್ತ್ರ ಕಲಿಸುವವಳು. ಹೊರಗಿನಿಂದ ಬಂದ ವಿಜ್ಞಾನಿಯೊಬ್ಬರು ಬದುಕಿರುವ ಜೀವಕೋಶಗಳ ಚಿತ್ರ ತೋರಿಸುತ್ತಿದ್ದರು. ಕೋಶದೊಳಗೆ ಡಿಎನ್ಎ ಎಂಬ ಎಳೆ ಪ್ರೋಟೀನುಗಳಿಗೆ ಸುತ್ತಿಕೊಂಡು ಬಿಗಿಯಾಗಿ ಮಡಚಿ ಕೂತಿರುತ್ತದೆ. ಅದನ್ನೇ ಕ್ರೊಮ್ಯಾಟಿನ್ ಎನ್ನುವುದು. ಬಿಸಿಲಿನ ಕಿರಣ ತಾಗಿ ಎಳೆ ಕೆಟ್ಟರೆ ಆ ಜಾಗದ ಸುತ್ತು ಸಡಿಲವಾಗುತ್ತದೆ. ರಿಪೇರಿ ಮಾಡುವ ಪ್ರೋಟೀನುಗಳು ಒಳಗಿಳಿದು, ಕೆಟ್ಟ ತುಂಡನ್ನು ಕತ್ತರಿಸಿ ಹೊಸದನ್ನು ಕೂಡಿಸುತ್ತವೆ. ಆಮೇಲೆ ಸುತ್ತು ಮತ್ತೆ ಬಿಗಿಯುತ್ತದೆ. ಎಲ್ಲರ ಚರ್ಮದಲ್ಲೂ ದಿನಾಲೂ ಸದ್ದಿಲ್ಲದೆ ನಡೆಯುವ ಕೆಲಸ. ಅಕ್ಕನ ಮಗಳ ಮೈಯಲ್ಲಿ ಅದು ನಡೆಯಲಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಮಗ್ಗುಲ ಮನೆಗೆ ಸೊಸೆಯಾಗಿ ಬಂದವಳು. ಗಂಡ ಅವಳ ಸ್ವಂತ ಸೋದರಮಾವ, ತಾಯಿಯ ತಮ್ಮ. ಎಂಬತ್ತರ ದಶಕದಲ್ಲಿ, ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ, ಅವಳಿಗೆ ಹೆಣ್ಣುಕೂಸು ಹುಟ್ಟಿತು. ಅಂಬೆಗಾಲಿಡುವಾಗಲೇ ಅದು ಬಿಸಿಲಿಗೆ ಬಂದರೆ ಕಣ್ಣು ಮುಚ್ಚಿ ಚೀರುತ್ತಿತ್ತು. ಮೂಗು, ಕೆನ್ನೆಗಳ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆಗಳೆದ್ದವು. ಚರ್ಮ ಒಣಗಿ ಮುದುಕರದಂತಾಯಿತು. ಬಸುರಿಯಿದ್ದಾಗ ಗ್ರಹಣ ನೋಡಿದ್ದಾಳೆ ಎಂದರು. ಹಿರಿಯರು ಹರಕೆ ಹೊತ್ತು ಉರಿಬಿಸಿಲಲ್ಲಿ ಕೂಸನ್ನು ಎತ್ತಿಕೊಂಡು ಹೋಗಿ ಬಂದರು. ಮರುದಿನ ಅದರ ಮುಖವೆಲ್ಲ ಬೊಬ್ಬೆ.

ಕೊನೆಗೆ ಅಕ್ಕನೇ ಹಟ ಹಿಡಿದು, ನನ್ನ ಅವ್ವನನ್ನು ಜೊತೆ ಮಾಡಿಕೊಂಡು ಮಿರಜಕ್ಕೆ ಹೋದಳು. ಅಲ್ಲಿನ ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರಂತೆ. ಬಿಸಿಲು ಎಲ್ಲರ ಚರ್ಮವನ್ನೂ ಕೆಡಿಸುತ್ತದೆ, ಮೈ ಅದನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಈ ಕೂಸಿನ ಮೈಗೆ ಆ ದುರಸ್ತಿ ಬರುವುದಿಲ್ಲ. ಇದು ತಾಯಿಯೊಬ್ಬಳಿಂದ ಬಂದದ್ದಲ್ಲ, ತಂದೆ ತಾಯಿ ಇಬ್ಬರಿಂದಲೂ ಬಂದು ಕೂಡಿದ್ದು. ಒಂದೇ ಮನೆತನದೊಳಗೆ ಲಗ್ನವಾದರೆ ಹಾಗೆ ಕೂಡುವುದು ಹೆಚ್ಚು. ಔಷಧವಿಲ್ಲ. ಬಿಸಿಲು ತಾಗಿಸಬೇಡಿ.

ಅಕ್ಕ ಕಿಟಕಿಗೆ ಗೋಣಿಚೀಲ ಹೊಲಿದು, ಅದರ ಮೇಲೆ ಕಪ್ಪು ಕೌದಿ ಇಳಿಬಿಟ್ಟಳು. ಹಂಚಿನ ಸಂದಿಗಳಿಗೆ ಚಿಂದಿ ತುರುಕಿದಳು. ಹೊತ್ತು ಮುಳುಗಿದ ಮೇಲೆ ಹುಡುಗಿ ಅಂಗಳಕ್ಕೆ ಬಂದು ಎಮ್ಮೆಕರುವಿನ ಕೊರಳು ತಬ್ಬಿಕೊಂಡು ನಿಲ್ಲುತ್ತಿದ್ದಳು. ಕೋಣೆಯಲ್ಲಿ ಕೂತು ನಾನು ಅವಳಿಗೆ ಅಕ್ಷರ ಕಲಿಸುತ್ತಿದ್ದೆ. ಚಿಕ್ಕಮ್ಮನೆಂದು ನನ್ನನ್ನು ಮೌಶಿ ಎನ್ನುತ್ತಿದ್ದವಳು ಒಮ್ಮೆ ಕೇಳಿದಳು, "ಮೌಶಿ, ಸಾಲಿಗೆ ಕಿಟಕಿ ಭಾಳ ಅದಾವನು?"

ಇದ್ದಾವೆ ಎಂದೆ. ಶಾಲೆಯ ಮಾತು ಮತ್ತೆ ಎತ್ತಲಿಲ್ಲ.

ಅಷ್ಟರಲ್ಲಿ ಅಕ್ಕನ ಗಂಡನಿಗೆ ಇನ್ನೊಂದು ಲಗ್ನದ ಮಾತು ನಡೆಯಿತು. ಹೆಣ್ಣು ಬೇರೆ ಯಾರೂ ಅಲ್ಲ, ಅಕ್ಕನ ಸ್ವಂತ ತಂಗಿ. ಮಾತು ಗಟ್ಟಿ ಮಾಡಲು ಅವರ ತಾಯಿ ಬಂದ ದಿನ ಅಕ್ಕ ಎಲ್ಲರೆದುರು ಅವಳ ಕಾಲು ಹಿಡಿದದ್ದನ್ನು ನಾನು ಕಂಡಿದ್ದೇನೆ.

"ಯವ್ವಾ, ಮಾಂವಗ ಇನ್ನೊಂದ ಲಗ್ನಾ ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ. ತಂಗೀನ ಮಾತ್ರ ಕೊಡಬ್ಯಾಡ. ಹೊರಗಿನ ಹೆಣ್ಣ ತರ್ರಿ."

"ನಿನ್ನ ಹೊಟ್ಟ್ಯಾಗಿನ ದೋಷಕ್ಕ ನನ್ನ ತಮ್ಮನ ರಕ್ತಕ್ಕ ಹೆಸರ ಇಡ್ತಿಯೇನ?" ಎಂದಳು ತಾಯಿ.

ತಂಗಿಯ ಮೇಲೆ ಹೊಟ್ಟೆಕಿಚ್ಚು ಎಂದು ಊರೂ ಮಾತಾಡಿತು. ಲಗ್ನವಾಯಿತು. ತಂಗಿಗೆ ಮೊದಲು ಹೆಣ್ಣಾಯಿತು, ಗುಂಡುಗುಂಡಾಗಿ ಚೆನ್ನಾಗಿತ್ತು. ಬಿಸಿಲಲ್ಲೇ ಆಡುತ್ತಿದ್ದ ಆ ಕೂಸನ್ನು ತೋರಿಸಿ ತೋರಿಸಿ ಅಕ್ಕನ ಬಾಯಿ ಮುಚ್ಚಿಸಿದರು.

ಅಕ್ಕನ ಮಗಳ ತುಟಿಯ ಮೇಲೆ, ಮೂಗಿನ ಮೇಲೆ ಗಡ್ಡೆಗಳೆದ್ದವು. ಮಿರಜದಲ್ಲಿ ಕೊಯ್ದು ತೆಗೆದರು, ಮತ್ತೆ ಎದ್ದವು. ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಹುಡುಗಿ ತೀರಿಕೊಂಡಳು. ನಡು ಮಧ್ಯಾಹ್ನ ಮಣ್ಣಿಗೆ ಒಯ್ಯಲು ಎತ್ತಿದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಹೊತ್ತು ಮುಳುಗಲಿ ಎಂದು ಬೇಡಿಕೊಂಡಳು. "ಇನ್ನ ಅದಕ್ಕ ಬಿಸಲ ಏನ ಮಾಡತೈತಿ, ಅತ್ತಾಗ ಸರಿ," ಎಂದ ಅವಳ ಗಂಡ. ಒಯ್ದರು…

ಮರುವರ್ಷ ತಂಗಿ ಗಂಡು ಹೆತ್ತಳು. ಹಲ್ಲು ಬರುವ ಹೊತ್ತಿಗೆ ಅವನ ಕೆನ್ನೆಯ ಮೇಲೂ ಅವೇ ಎಳ್ಳಿನ ಚುಕ್ಕೆಗಳು. ಈ ಸಲ ಗ್ರಹಣದ ಮಾತು ಯಾರೂ ಎತ್ತಲಿಲ್ಲ. ಅಕ್ಕನ ತಾಯಿಯೇ ಕೂಸನ್ನು ತಂದು ಅವಳ ಮಡಿಲಿಗಿಟ್ಟಳು. ಇದನ್ನು ಹೇಗೆ ಕಾಯಬೇಕೆಂದು ನಿನಗೇ ಗೊತ್ತು ಎಂದಳಂತೆ. ಬೇರೆ ಮಾತಿಲ್ಲ, ತಪ್ಪಾಯಿತು ಎಂಬುದಂತೂ ಇಲ್ಲವೇ ಇಲ್ಲ. ಅಕ್ಕ ಪೆಟ್ಟಿಗೆಯಿಂದ ಕೌದಿ ತೆಗೆದು ಮತ್ತೆ ಕಿಟಕಿಗೆ ಕಟ್ಟಿದಳು.

ನಾನಾಗ ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದೆ. ರಜೆಗೆ ಬಂದವಳು ತಡೆಯಲಾರದೆ, ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. ಹುಡುಗನಿಗೆ ಅನ್ನ ಕಲಸುತ್ತಿದ್ದಳು.

"ಬರತೈತಿ. ಅವರ ಮ್ಯಾಲಿನ ಸಿಟ್ಟ ಇವನ ಮ್ಯಾಲ ಹ್ಯಾಂಗ ತೀರಿಸ್ಕೊಳ್ಳಲಿ?"

ಅವನನ್ನು ಮೀಸೆ ಮೂಡುವ ತನಕ ಉಳಿಸಿಕೊಂಡಳು. ಅವನು ಹೋದ ಸ್ವಲ್ಪ ದಿನಕ್ಕೆ ಅವಳೂ ಹೋದಳು. ಎದೆನೋವು ಎಂದರು. ನನಗೆ ಸುದ್ದಿ ತಲುಪುವಾಗ ಎಲ್ಲ ಮುಗಿದಿತ್ತು.

ಉಪನ್ಯಾಸ ಮುಗಿದ ಮೇಲೆ ನಾನು ಎದ್ದು ನಿಂತು ಕೇಳಿದೆ: ಹುಟ್ಟಿನಿಂದಲೇ ಈ ರಿಪೇರಿ ಇಲ್ಲದವರಲ್ಲಿ ಆ ಸುತ್ತು ಸಡಿಲವಾಗುತ್ತದೆಯೇ? ಕೆಲವರಲ್ಲಿ ಅದೇ ಸರಿಯಾಗಿ ಆಗುವುದಿಲ್ಲ, ಎಂದರು ವಿಜ್ಞಾನಿ. ಹಲವರಲ್ಲಿ ಸಡಿಲವಾಗುತ್ತದೆ, ಮುಂದಿನ ಕೆಲಸ ಮಾಡಬೇಕಾದ ಪ್ರೋಟೀನು ಮಾತ್ರ ಇರುವುದಿಲ್ಲ. ಅಕ್ಕ ಕಾದ ಆ ಇಬ್ಬರು ಮಕ್ಕಳಲ್ಲಿ ತಪ್ಪಿದ್ದು ಯಾವುದೋ, ಪರೀಕ್ಷೆ ಮಾಡಿದವರಿಲ್ಲ.

ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಅಕ್ಕನ ನೆನಪಾಯಿತು ಎಂದೆ. ಅಕ್ಕನ ತಂಗಿಯ ಹಿರಿಯ ಮಗಳ ಲಗ್ನ ಗೊತ್ತಾಗಿದೆ ಎಂದಳು ಅವ್ವ. ವರ ಮನೆತನದೊಳಗಿನವನೇ. ನಾನು ಬಂದು ತಿಳಿಸಿ ಹೇಳುತ್ತೇನೆ, ರಕ್ತಪರೀಕ್ಷೆಯನ್ನಾದರೂ ಮಾಡಿಸಲಿ ಎಂದೆ.

"ಹೇಳಾಕ ಆಕಿನ ಇದ್ದಳು," ಎಂದಳು ಅವ್ವ. "ಆಕೀ ಮಾತ ಕೇಳಲಿಲ್ಲ, ನಿಂದ ಕೇಳ್ತಾರನು?"